ಇಬ್ಬರು ಗೆಳೆಯರಿಗೆ ಬರೆದ ಕಾಗದಗಳು

ಇರಾಕಿನ ಸೈನ್ಯ ಕುವೈತಿಗೆ ನುಗ್ಗಿ ಎರಡು ತಿಂಗಳು ಕಳೆದಿತ್ತು. ಸೌದಿಯ ಜಿದ್ದಾದಲ್ಲಿದ್ದ ಬ್ರಿಟಿಷರು ಒಬ್ಬೊಬ್ಬರಾಗಿ ಹೆಂಡತಿ ಮಕ್ಕಳನ್ನು ಊರಿಗೆ ಕಳಿಸುತ್ತಿದ್ದರು. ಕ್ಲೆಮೆಂಟ್ ಮಿನೇಜಸ್ ಸ್ಟೆನೋ ಆಗಿದ್ದ ಇಂಜಿನಿಯರಿಂಗ್ ಕಂಪನಿಯ ಮ್ಯಾನೇಜರ್ ಹಾರ್ಗ್ರೀವ್ಸ್ ಸಾಹೇಬರಿಗೆ ಕಳಿಸಲು ಯಾರೂ ಇರಲಿಲ್ಲ. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು, ಅವರಿಗೂ ಅರವತ್ತು ದಾಟಿತ್ತು. ಹೊಸ ವರ್ಷದ ಹೊತ್ತಿಗೆ ತಾವೂ ಕೆಲಸ ಬಿಟ್ಟು ಹೊರಡುವುದೆಂದು ನಿಶ್ಚಯಿಸಿ, ಒಂದು ದಿನ ಅವರು ಕ್ಲೆಮೆಂಟನನ್ನು ಕರೆದು ಚರ್ಮದ ರಟ್ಟು ಹಾಕಿದ ದಪ್ಪ ಪುಸ್ತಕವೊಂದನ್ನು ಮೇಜಿನ ಮೇಲೆ ಇಟ್ಟರು.

"ಇದು ನನ್ನ ಮುತ್ತಜ್ಜನ ಅಜ್ಜನದ್ದು," ಎಂದರು. "ಹೆಸರು ಎಡ್ಮಂಡ್. ಆಸ್ತಿ ಇದ್ದ ಮನುಷ್ಯ, ಕೆಲಸವಿಲ್ಲ. ಇನ್ನೂರು ವರ್ಷದ ಹಿಂದೆ ಪ್ಯಾರಿಸ್ಸಿಗೆ ಹೋಗಿ ಕೂತ. ಅಲ್ಲಿ ಕ್ರಾಂತಿ ಶುರುವಾಯಿತು. ಊರಲ್ಲಿದ್ದ ಇಬ್ಬರು ಗೆಳೆಯರಿಗೆ ಕಾಗದ ಬರೆಯುತ್ತಿದ್ದ. ಅವುಗಳ ನಕಲು ಇದರಲ್ಲಿದೆ. ಅಚ್ಚು ಹಾಕಿಸಲಿಕ್ಕಲ್ಲ, ನನ್ನ ತಂಗಿಯ ಮಕ್ಕಳು ಓದಲಿ ಅಂತ. ಟೈಪ್ ಮಾಡಿ ಕೊಡುತ್ತೀಯಾ?"

ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಆಫೀಸಿಗೆ ಬಿಡುವು. ಉಳಿದವರು ಮನೆಗೆ ಹೋಗಿ ಉಂಡು ಅಡ್ಡಾಗುವ ಆ ಹೊತ್ತಿನಲ್ಲಿ ಟೈಪ್ ಮಾಡುತ್ತೇನೆಂದು ಕ್ಲೆಮೆಂಟ್ ಒಪ್ಪಿಕೊಂಡ. ಮಲಗಿದರೂ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಅದಕ್ಕೆ ಕಾರಣ ಆಗಸ್ಟಿನಲ್ಲಿ ಬಂದ ಸುದ್ದಿ.

ಕ್ಲೆಮೆಂಟ್, ಆಸ್ಟಿನ್, ಸ್ಯಾಮ್ಸನ್, ಈ ಮೂವರೂ ತಮ್ಮೂರು ಶಿರ್ವದ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಸ್ಯಾಮ್ಸನ್ ಊರಲ್ಲೇ ಉಳಿದು ಮೇಷ್ಟ್ರಾದ. ಕ್ಲೆಮೆಂಟ್ ಜಿದ್ದಾಕ್ಕೆ ಬಂದ. ಆಸ್ಟಿನ್ ಕುವೈತಿನಲ್ಲಿ ಮೋಟಾರು ಬಿಡಿಭಾಗಗಳ ಗೋದಾಮಿಗೆ ಸ್ಟೋರ್‌ಕೀಪರ್ ಆದ. ಕ್ಲೆಮೆಂಟನ ಬಾಯಿ ಸ್ವಲ್ಪ ಹರಿತ. ಆಸ್ಟಿನನ ವಿಷಯ ಬಂದರಂತೂ ಅದಕ್ಕೆ ಲಗಾಮೇ ಇಲ್ಲ. ಅವನ ಮದುವೆಯ ಊಟದ ಹೊತ್ತಿಗೆ ಎದ್ದು ನಿಂತು, "ಹ್ಯಾಝೆಲ್, ಈ ಸೋಂಬೇರಿಯನ್ನು ಇಪ್ಪತ್ತು ವರ್ಷ ನಾವು ಸಾಕಿದೆವು, ಇನ್ನು ನಿನ್ನ ಸರದಿ" ಎಂದು ಹೇಳಿ ಇಡೀ ಪಂಕ್ತಿಯನ್ನು ನಗಿಸಿದ್ದ. ಕ್ರಿಸ್ಮಸ್ಸಿಗೆ ಊರಲ್ಲಿದ್ದ ಹ್ಯಾಝೆಲಳಿಗೆ ಬರೆಯುವ ಕಾಗದದಲ್ಲೂ ಅಷ್ಟೇ, "ನಿನ್ನ ಗಂಡನೆಂಬ ಆ ಪೆದ್ದ ಹೇಗಿದ್ದಾನೆ" ಎಂದೇ ಶುರು.

ಆಗಸ್ಟ್ ಎರಡರ ನಂತರ ಕುವೈತಿನಿಂದ ಫೋನೂ ಇಲ್ಲ, ಟಪಾಲೂ ಇಲ್ಲ. ತಿಂಗಳ ಕೊನೆಗೆ ಒಂದು ಶುಕ್ರವಾರ ಸಂಜೆ, ಅಜೀಜಿಯಾ ಬಡಾವಣೆಯ ಕ್ಲೆಮೆಂಟನ ಮನೆಗೆ ಕೆಳಗಿನ ಅಂಗಡಿಯ ಮೊಯಿದಿನಬ್ಬ ಬಂದರು. ಜೊತೆಗೆ ಬಿಸಿಲಿಗೆ ಮುಖದ ಚರ್ಮ ಸುಲಿದುಹೋಗಿದ್ದ ಮೂವತ್ತರ ಆಸುಪಾಸಿನ ಒಬ್ಬನಿದ್ದ.

"ಇವ ಝುಬೈರ್. ನನ್ನ ಅಕ್ಕನ ಮಗ. ಕುವೈತಿನಿಂದ ಮರಳುಗಾಡು ದಾಟಿ ಬಂದ. ಆಸ್ಟಿನವರ ಕಂಪನಿಯ ಡ್ರೈವರು," ಎಂದರು ಮೊಯಿದಿನಬ್ಬ. ಉಳಿದದ್ದನ್ನು ಅವನಿಗೇ ಬಿಟ್ಟು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತುಬಿಟ್ಟರು.

ಕ್ಲೆಮೆಂಟನ ಹೆಂಡತಿ ವಯೊಲೆಟ್ ಚಹಾ ಇಡಲು ಒಳಗೆ ಹೋದಳು. ಝುಬೈರ್ ನೆಲ ನೋಡುತ್ತ ಹೇಳಿದ. ಐದು ಜನ ಒಂದೇ ಗಾಡಿಯಲ್ಲಿ ಹೊರಟಿದ್ದರು. ಹೆದ್ದಾರಿಯಲ್ಲಿ ಸೈನ್ಯ ಇತ್ತು, ಹಾಗಾಗಿ ಮರಳಿಗೆ ಇಳಿಸಿದರು. ಎರಡನೆಯ ದಿನ ಗಾಡಿ ಹೂತುಹೋಯಿತು. ನೀರು ಮುಗಿಯಿತು. ಆಸ್ಟಿನ್ ಗಾಡಿಯ ನೆರಳಿನಲ್ಲಿ ಕೂತಿದ್ದವರು ಮಧ್ಯಾಹ್ನ ಮೂರಕ್ಕೆ ಮಾತಾಡುವುದನ್ನು ನಿಲ್ಲಿಸಿದರು. ಸಂಜೆ ಕುರಿ ಕಾಯುವ ಒಬ್ಬ ಅರಬಿ ಬಂದ. ಅವನೇ ನೀರು ಕೊಟ್ಟ, ಅವನೇ ಗುಂಡಿ ತೋಡಲು ಕೈ ಹಾಕಿದ.

"ನಾನು ಹತ್ತಿರವೇ ಇದ್ದೆ ಕ್ಲೆಮೆಂಟಣ್ಣ. ಕೈ ಹಿಡಿದುಕೊಂಡಿದ್ದೆ," ಎಂದ ಝುಬೈರ್. ನಂತರ ದನಿ ತಗ್ಗಿಸಿ, "ಒಂದು ಮಾತು ನಿಮಗೆ ಹೇಳಬೇಕಾ ಬೇಡವಾ ಗೊತ್ತಿಲ್ಲ. ಇರಾಕಿನ ಬಸ್ರಾ ದಾಟಿ ಜೋರ್ಡನ್ ಕಡೆ ಹೋಗುವ ಅಂತ ನಾನು ಹೇಳಿದ್ದೆ. ತುಂಬ ಜನ ಹಾಗೆ ಹೊರಟಿದ್ದರು. ಅವರು ಕೇಳಲಿಲ್ಲ. 'ಸೌದಿಯಲ್ಲಿ ಕ್ಲೆಮೆಂಟ್ ಇದ್ದಾನೆ ಮಾರಾಯ, ಗಡಿ ದಾಟಿ ಒಂದು ಫೋನ್ ಮಾಡಿದರೆ ಸಾಕು, ಉಳಿದದ್ದು ಅವನು ನೋಡಿಕೊಳ್ತಾನೆ' ಅಂದರು."

ಅಡುಗೆಮನೆಯಲ್ಲಿ ಲೋಟಗಳ ಸದ್ದಾಯಿತು. ಕ್ಲೆಮೆಂಟ್ ಝುಬೈರನ ಮೊಣಕೈ ಹಿಡಿದು, "ಈ ಮಾತು ಇಲ್ಲಿಗೇ ಇರಲಿ. ವಯೊಲೆಟಳಿಗೂ ಬೇಡ," ಎಂದ. ಹಿಂದಿನ ತಿಂಗಳು, ಜುಲೈಯಲ್ಲಿ, ಗಡಿಯಲ್ಲಿ ಸೈನ್ಯ ಸೇರುತ್ತಿದೆಯೆಂಬ ಸುದ್ದಿ ಕೇಳಿ, "ಅಲ್ಲಿ ಎಂತ ಆದರೂ ಸೀದಾ ನನ್ನಲ್ಲಿಗೆ ಬಾ" ಎಂದು ಆಸ್ಟಿನನಿಗೆ ಬರೆದವನು ಅವನೇ.

ಚಹಾ ತಂದ ವಯೊಲೆಟ್ ಮೂವರ ಮುಖ ನೋಡಿಯೇ ಅರ್ಥ ಮಾಡಿಕೊಂಡಳು. ಅತ್ತಳು. ಅತ್ತು ಸುಧಾರಿಸಿಕೊಂಡ ಮೇಲೆ ಅವಳಿಗೆ ಮೊದಲು ನೆನಪಾದದ್ದು ಹ್ಯಾಝೆಲ್. "ಅವಳಿಗೆ ಆರು ತಿಂಗಳು. ಎರಡು ಸಲ ಬಸುರು ಕಳೆದುಕೊಂಡವಳು. ಈಗ ಇದನ್ನು ಹೇಳಿದರೆ ಮಗುವನ್ನೂ ಕಳೆದುಕೊಳ್ತಾಳೆ. ಹೆರಿಗೆಯಾಗಲಿ, ಮತ್ತೆ ಹೇಳುವ."

ಝುಬೈರನಿಗೆ ಇದು ಹಿಡಿಸಲಿಲ್ಲ. ಮುಂದಿನ ವಾರ ಅವನು ಊರಿಗೆ, ಕಾಪುವಿನ ತನ್ನ ಮನೆಗೆ ಹೋಗುವವನಿದ್ದ. ಶಿರ್ವ ಅಲ್ಲಿಂದ ದೂರವೇನಲ್ಲ. "ನಾನು ಬದುಕಿ ಬಂದವ. ಅವರ ಮನೆಗೆ ಹೋಗದೆ ಕೂತರೆ ನನ್ನನ್ನು ಎಂತ ಅಂದುಕೊಂಡಾರು?" ಎಂದ. ಕ್ಲೆಮೆಂಟ್ ಕೈಮುಗಿದ ಮೇಲೆ, ಹೆರಿಗೆಯವರೆಗೆ ಬಾಯಿ ಬಿಡುವುದಿಲ್ಲವೆಂದು ಒಪ್ಪಿದ.

ಹಾಗೆ ಕ್ಲೆಮೆಂಟ್ ಒಂದೇ ದಿನ ಎರಡು ಕಾಗದ ಬರೆದ. ಒಂದು ಸ್ಯಾಮ್ಸನನಿಗೆ. ಆಸ್ಟಿನ್ ಇನ್ನಿಲ್ಲ, ಸದ್ಯ ಯಾರಿಗೂ ಹೇಳಬೇಡ, ಹ್ಯಾಝೆಲಳ ಮೇಲೆ ಒಂದು ಕಣ್ಣಿರಲಿ, ಅಷ್ಟೇ. ಇನ್ನೊಂದು ಹ್ಯಾಝೆಲಳಿಗೆ. ಅಲ್ಲಿಂದ ಬಂದವರೊಬ್ಬರು ಆಸ್ಟಿನನನ್ನು ನೋಡಿದ್ದಾರೆ, ಮಾಲೀಕರು ಗೋದಾಮಿನ ಬೀಗದ ಕೈ ಅವನಿಗೇ ಒಪ್ಪಿಸಿ ಹೋಗಿದ್ದಾರೆ, ಅವನಂಥ ಜವಾಬ್ದಾರಿಯ ಮನುಷ್ಯ ಅದನ್ನು ಬಿಟ್ಟು ಬರುವವನಲ್ಲ, ಧೈರ್ಯವಾಗಿರು. ಸೆಪ್ಟೆಂಬರಿನಲ್ಲಿ ಎರಡು, ಅಕ್ಟೋಬರಿನಲ್ಲಿ ಎರಡು, ಹೀಗೆ ಕಾಗದಗಳು ಹೋದವು. ಪ್ರತಿ ಕಾಗದದಲ್ಲೂ ಆಸ್ಟಿನ್ ಇನ್ನಷ್ಟು ಒಳ್ಳೆಯವನಾಗುತ್ತ ಹೋದ. ಊಟವಿಲ್ಲದವರಿಗೆ ಊಟ ಹಂಚುತ್ತಿದ್ದಾನೆ, ಊರಿನ ಹತ್ತು ಜನರನ್ನು ಬಸ್ಸು ಹತ್ತಿಸಿ ಕಳಿಸಿದ್ದಾನೆ.

ಸಾಹೇಬರ ಪುಸ್ತಕ ಅವನ ಕೈಗೆ ಬಂದದ್ದು ಈ ನಡುವೆ. ಮೊದಮೊದಲ ಪುಟಗಳು ಹಗುರವಾಗಿದ್ದವು. ಎಡ್ಮಂಡ್ ದೊರೆಯ ಒಬ್ಬ ಗೆಳೆಯ ಹಳ್ಳಿಯ ಜಮೀನ್ದಾರ, ಇನ್ನೊಬ್ಬ ಅದೇ ಹಳ್ಳಿಯ ಡಾಕ್ಟರು. ಖಾಸಗಿ ಕಾಗದಗಳಾದ್ದರಿಂದ ದೊರೆಗೆ ಯಾರ ಭಯವೂ ಇಲ್ಲ. ಪ್ಯಾರಿಸ್ಸಿನ ದೊಡ್ಡವರನ್ನೆಲ್ಲ ಹೆಸರು ಹಿಡಿದು ಗೇಲಿ ಮಾಡುತ್ತಾನೆ. "ನನ್ನ ಕ್ಷೌರಿಕ ನಿನ್ನೆ ಸೈನ್ಯಕ್ಕೆ ಸೇರಿದ. ದೇಶಕ್ಕೆ ಸ್ವಾತಂತ್ರ್ಯ ಬಂತು, ನನ್ನ ಗಡ್ಡಕ್ಕೆ ದಿಕ್ಕಿಲ್ಲ" ಎಂದು ಡಾಕ್ಟರಿಗೆ ಬರೆದದ್ದನ್ನು ಟೈಪ್ ಮಾಡುವಾಗ ಕ್ಲೆಮೆಂಟ್ ಆಗಸ್ಟಿನ ನಂತರ ಮೊದಲ ಸಲ ನಕ್ಕ. ಬರೆಯುವ ಧಾಟಿ ತನ್ನದೇ ಅನ್ನಿಸಿತು. ಸಂಜೆ ಮನೆಯಲ್ಲಿ ವಯೊಲೆಟಳಿಗೂ ಅದನ್ನು ಹೇಳಿ ನಗಿಸಿದ.

ನವೆಂಬರಿನಲ್ಲಿ ಪುಟಗಳ ಬಣ್ಣ ಬದಲಾಯಿತು. ಜಮೀನ್ದಾರನ ಒಬ್ಬನೇ ಮಗ ಹ್ಯಾರಿ, ಇಪ್ಪತ್ತರ ಹುಡುಗ, ಕ್ರಾಂತಿ ನೋಡುವ ಹುಮ್ಮಸ್ಸಿನಲ್ಲಿ ಪ್ಯಾರಿಸ್ಸಿಗೆ ಬಂದು ಎಡ್ಮಂಡನ ಮನೆಯಲ್ಲೇ ಇಳಿದಿದ್ದ. ಸೆಪ್ಟೆಂಬರಿನ ಒಂದು ದಿನ ಜೈಲಿನಲ್ಲಿದ್ದ ಮುದುಕ ಪಾದ್ರಿಯೊಬ್ಬರಿಗೆ ರೊಟ್ಟಿ ಕೊಡಲು ಹೋದ. ಜೈಲಿನ ಬಾಗಿಲಲ್ಲಿ ಜನ ಅವನನ್ನು ಹಿಡಿದು ಬಡಿದು ಕೊಂದರು. ಎಡ್ಮಂಡ್ ಡಾಕ್ಟರಿಗೆ ಎಲ್ಲವನ್ನೂ ಬರೆದ. ಪುಟ ತಿರುಗಿಸಿದರೆ ಅದೇ ತಾರೀಖಿನಲ್ಲಿ ಜಮೀನ್ದಾರನಿಗೂ ಒಂದು ಕಾಗದ. "ಹ್ಯಾರಿ ಕ್ಷೇಮ. ಗಲಾಟೆ ಶುರುವಾಗುವ ಮೊದಲೇ ಒಂದು ಒಳ್ಳೆಯ ಕುಟುಂಬದ ಜೊತೆ ಸ್ವಿಟ್ಜರ್‌ಲ್ಯಾಂಡಿಗೆ ಹೋದ. ಅಲ್ಲಿಂದ ಟಪಾಲು ಬರುವುದು ಕಷ್ಟ, ಕಾಗದ ಬಾರದಿದ್ದರೆ ಗಾಬರಿಯಾಗಬೇಡ."

ಕ್ಲೆಮೆಂಟನ ಬೆರಳು ಟೈಪ್‌ರೈಟರಿನ ಮೇಲೆ ನಿಂತುಬಿಟ್ಟಿತು. ಅಂದು ಅವನು ಮುಂದೆ ಟೈಪ್ ಮಾಡಲಿಲ್ಲ. ಎದ್ದು ಹೋಗಿ ಮುಖ ತೊಳೆದು ನಾಲ್ಕು ಗಂಟೆಯವರೆಗೆ ಕಿಟಕಿಯ ಬಳಿ ಸುಮ್ಮನೆ ಕೂತ.

ನವೆಂಬರ್ ಇಪ್ಪತ್ತಾರಕ್ಕೆ ಹ್ಯಾಝೆಲಳಿಗೆ ಹೆಣ್ಣು ಮಗುವಾಯಿತು. ಸ್ಯಾಮ್ಸನ್ ತಂತಿ ಕಳಿಸಿದ. ಹಿಂದೆಯೇ ಅವನ ಕಾಗದವೂ ಬಂತು. "ಇನ್ನು ನನ್ನಿಂದ ಆಗುವುದಿಲ್ಲ ಕ್ಲೆಮೆಂಟ್. ಚರ್ಚಿನಲ್ಲಿ ಪೂಜೆ ಮುಗಿಸಿ ಬರುವಾಗ ಅವಳು ಎದುರಾಗುತ್ತಾಳೆ ಅಂತ ನಾನು ಬೆಳಿಗ್ಗೆ ಆರರ ಪೂಜೆ ಬಿಟ್ಟು ಎಂಟರದ್ದಕ್ಕೆ ಹೋಗುತ್ತಿದ್ದೇನೆ. ನೀನು ಹೇಳುತ್ತೀಯೋ ನಾನು ಹೇಳಲೋ?" ವಯೊಲೆಟ್ ಕೂಡ, "ಮಗು ಕ್ಷೇಮವಾಗಿ ಬಂತಲ್ಲ, ಇನ್ನು ಹೇಳಿ," ಎಂದಳು. ಕ್ಲೆಮೆಂಟ್ ಬಾಣಂತನ ಮುಗಿಯಲಿ ಎಂದ. ಹ್ಯಾಝೆಲಳ ಕಾಗದ ಬಂತು. ಡಿಸೆಂಬರ್ ಮೂವತ್ತಕ್ಕೆ ಮಗುವಿಗೆ ಜ್ಞಾನಸ್ನಾನ, ಜೀನಾ ಅಂತ ಹೆಸರು, ಅವಳ ಅಪ್ಪನನ್ನು ಕಾಯಬೇಕಾ ಬೇಡವಾ ನೀವೇ ಹೇಳಿ ಎಂದು ಕೇಳಿದ್ದಳು. ಅದಕ್ಕೆ ಉತ್ತರ ಬರೆಯಲು ಅವನು ನಾಲ್ಕು ಸಲ ಕೂತ, ನಾಲ್ಕು ಸಲ ಎದ್ದ.

ಡಿಸೆಂಬರ್ ಮೂರನೆಯ ವಾರ ಸಾಹೇಬರ ಪುಸ್ತಕದ ಕೊನೆಗೆ ಬಂದ. ಅಲ್ಲಿ ಎಡ್ಮಂಡನ ಕಾಗದಗಳು ಮುಗಿದು, ಬೇರೆ ಕೈಬರಹದ ಒಂದು ಹಾಳೆ ಅಂಟಿಸಿತ್ತು. ಜಮೀನ್ದಾರನ ಉತ್ತರ.

"ಎಡ್ಮಂಡ್, ಡಾಕ್ಟರು ನಿನ್ನೆ ನನಗೆ ಎಲ್ಲ ಹೇಳಿದರು. ಏಳು ತಿಂಗಳು ನಾನು ಹ್ಯಾರಿಯ ಕೋಣೆಯ ಒಲೆಗೆ ದಿನಾ ಕಟ್ಟಿಗೆ ಹಾಕಿಸಿದೆ. ಅವನು ತಣ್ಣಗಿನ ಕೋಣೆಗೆ ಬರಬಾರದು ಅಂತ. ನನ್ನ ಮಗ ಸತ್ತದ್ದು ತಿಳಿದಿದ್ದವರು ನನ್ನ ಮೇಜಿನಲ್ಲಿ ಕೂತು ಉಂಡು ಹೋದರು. ನನ್ನನ್ನು ನೋವಿನಿಂದ ಉಳಿಸಲು ಹಾಗೆ ಮಾಡಿದೆ ಎಂದು ನೀನು ಹೇಳುತ್ತೀಯಂತೆ. ಯೋಚಿಸಿ ನೋಡು. ನೀನು ಉಳಿಸಿಕೊಂಡದ್ದು ನಿನ್ನನ್ನು."

ಇಂಗ್ಲಿಷಿನ ಆ ಕೊನೆಯ ಸಾಲನ್ನು ಕ್ಲೆಮೆಂಟ್ ಅಕ್ಷರ ತಪ್ಪದೆ ಟೈಪ್ ಮಾಡಿದ. ಹಾಳೆ ಹೊರಗೆಳೆದು ಉಳಿದವುಗಳ ಮೇಲೆ ಇಟ್ಟ. ಆಮೇಲೆ ಮೇಜಿನ ಮೇಲೆ ತಲೆಯಿಟ್ಟ.

ಹಾರ್ಗ್ರೀವ್ಸ್ ಸಾಹೇಬರು ಯಾವುದೋ ಫೈಲಿಗಾಗಿ ಹೊರಗೆ ಬಂದವರು ಅವನನ್ನು ಕಂಡು ನಿಂತರು. ಹನ್ನೊಂದು ವರ್ಷದಲ್ಲಿ ಅವರಿಬ್ಬರ ನಡುವೆ ಮನೆಯ ಮಾತು ಬಂದದ್ದೇ ಇಲ್ಲ. ಅಂದು ಕ್ಲೆಮೆಂಟ್ ಎಲ್ಲವನ್ನೂ ಹೇಳಿದ. ಜುಲೈಯಲ್ಲಿ ತಾನು ಬರೆದ ಕಾಗದ, ಝುಬೈರ್ ಹೇಳಿದ ಮಾತು, ವಯೊಲೆಟಳಿಗೂ ಮುಚ್ಚಿಟ್ಟದ್ದು, ಒಂದನ್ನೂ ಬಿಡಲಿಲ್ಲ.

ಸಾಹೇಬರು ಕುರ್ಚಿ ಎಳೆದುಕೊಂಡು ಎದುರು ಕೂತು ಕೇಳಿದರು. "ಆ ಇಬ್ಬರು ಮತ್ತೆ ಮಾತಾಡಿದರಾ ಸಾರ್?" ಎಂದು ಕ್ಲೆಮೆಂಟ್ ಕೇಳಿದ.

"ಇಲ್ಲ. ಎಡ್ಮಂಡ್ ಊರಿಗೆ ಬಂದು ಇಪ್ಪತ್ತು ವರ್ಷ ಬದುಕಿದ. ಇಬ್ಬರೂ ಒಂದೇ ಚರ್ಚಿಗೆ ಹೋಗುತ್ತಿದ್ದರು," ಎಂದರು ಸಾಹೇಬರು. ಎದ್ದು ತಮ್ಮ ಕೋಣೆಯ ಬಾಗಿಲು ತೆರೆದರು. "ನನ್ನ ಫೋನಿನಿಂದ ಮಾಡು. ಎಷ್ಟು ಹೊತ್ತಾದರೂ ಆಗಲಿ. ನಾನು ಹೊರಗಿರುತ್ತೇನೆ."

ಹ್ಯಾಝೆಲಳ ಮನೆಯಲ್ಲಿ ಫೋನಿರಲಿಲ್ಲ. ಇಗರ್ಜಿಯ ಪಾದ್ರಿಗಳ ಮನೆಗೆ ಮಾಡಬೇಕಿತ್ತು. ಏಳನೆಯ ಸಲಕ್ಕೆ ಲೈನು ಸಿಕ್ಕಿತು. ಅಡುಗೆಯವನನ್ನು ಕಳಿಸಿ ಕರೆಸುತ್ತೇನೆ, ಅರ್ಧ ಗಂಟೆ ಬಿಟ್ಟು ಮಾಡು ಎಂದರು ಪಾದ್ರಿಗಳು. ಆ ಅರ್ಧ ಗಂಟೆ ಕ್ಲೆಮೆಂಟ್ ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸುತ್ತ ಕೂತ. ಎಲ್ಲಿಂದ ಶುರು ಮಾಡಿದರೂ ಅದು ಒಂದೇ ಕಡೆ ಹೋಗಿ ಮುಗಿಯುತ್ತಿತ್ತು.

"ಕ್ಲೆಮೆಂಟಣ್ಣ," ಎಂದಿತು ಆ ಕಡೆಯಿಂದ ಹ್ಯಾಝೆಲಳ ದನಿ. ಓಡಿ ಬಂದದ್ದಕ್ಕೆ ಏದುಸಿರು.

"ಹ್ಯಾಝೆಲ್, ಆಸ್ಟಿನನ ವಿಷಯ... ನಾನು ನಿನಗೆ ಬರೆದದ್ದೆಲ್ಲ..."

"ಗೊತ್ತು," ಎಂದಳು ಅವಳು.

"ಯಾರು ಹೇಳಿದರು? ಸ್ಯಾಮ್ಸನಾ? ಝುಬೈರಾ?"

"ಯಾರೂ ಹೇಳಲಿಲ್ಲ. ನಿಮ್ಮ ಮೊದಲ ಕಾಗದದಲ್ಲೇ ಗೊತ್ತಾಯಿತು. ನೀವು ಅವರನ್ನು ಹೊಗಳಿದ್ದಿರಿ."

ಕ್ಲೆಮೆಂಟ್ ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿದ.

"ಮದುವೆಯಾದಾಗಿನಿಂದ ನೀವು ಒಂದು ಸಲವೂ ಅವರಿಗೆ ಒಳ್ಳೆಯ ಮಾತು ಆಡಿದವರಲ್ಲ. ಜವಾಬ್ದಾರಿಯ ಮನುಷ್ಯ ಅಂತ ಓದಿದಾಗಲೇ ಕಾಗದ ಕೆಳಗಿಟ್ಟೆ. ತೀರಿಕೊಂಡವರ ಬಗ್ಗೆ ಅಲ್ಲವಾ ಹಾಗೆ ಮಾತಾಡುವುದು?"

"ಮತ್ತೆ ಯಾಕೆ ಕೇಳಲಿಲ್ಲ ನೀನು? ಅಪ್ಪನನ್ನು ಕಾಯಬೇಕಾ ಅಂತ ಯಾಕೆ ಬರೆದೆ?"

"ನೀವು ಹೇಳುತ್ತೀರಾ ನೋಡುವ ಅಂತ." ಲೈನಿನಲ್ಲಿ ಬರೀ ಗಾಳಿಯ ಸದ್ದು. "ಅತ್ತೆಗೆ ನಿಮ್ಮ ಕಾಗದ ನಾನೇ ಓದಿ ಹೇಳುತ್ತಿದ್ದೆ. ಅವರ ಮಗ ಊಟ ಹಂಚುತ್ತಿದ್ದಾರೆ, ಜನರನ್ನು ಬಸ್ಸು ಹತ್ತಿಸುತ್ತಿದ್ದಾರೆ. ಓದುವಷ್ಟು ಹೊತ್ತು ನನಗೂ ನಿಜ ಅನ್ನಿಸುತ್ತಿತ್ತು ಕ್ಲೆಮೆಂಟಣ್ಣ. ಮುಗಿದ ಕೂಡಲೇ ಹೋಗುತ್ತಿತ್ತು. ಆದರೂ ಮುಂದಿನ ಕಾಗದಕ್ಕೆ ಟಪಾಲಿನವನನ್ನು ಕಾಯುತ್ತಿದ್ದೆ."

ಅವಳು ಅಳುತ್ತಿರಲಿಲ್ಲ. ಅಳುತ್ತಿದ್ದವನು ಕ್ಲೆಮೆಂಟ್.

"ಈಗ ನಿಜ ಬರೆಯಿರಿ," ಎಂದಳು ಹ್ಯಾಝೆಲ್. "ಎಲ್ಲಿ, ಹೇಗೆ, ಹತ್ತಿರ ಯಾರಿದ್ದರು, ಎಲ್ಲಿ ಮಲಗಿಸಿದ್ದಾರೆ. ಒಂದನ್ನೂ ಬಿಡಬೇಡಿ. ಫೋನಿನಲ್ಲಿ ಬೇಡ, ಇಲ್ಲಿ ಪಾದ್ರಿಗಳು ನಿಂತಿದ್ದಾರೆ. ನನಗೆ ಒಬ್ಬಳೇ ಕೂತು ಓದಬೇಕು."

ಅಂದು ಸಂಜೆ ಮನೆಗೆ ಬಂದು ಅವನು ಮೊದಲು ವಯೊಲೆಟಳನ್ನು ಎದುರು ಕೂರಿಸಿ, ತಾನು ಮುಚ್ಚಿಟ್ಟದ್ದನ್ನು ಹೇಳಿದ. ಅವಳು ಮೇಜಿನ ಮೇಲಿದ್ದ ಲೋಟಗಳನ್ನು ಒಂದೊಂದಾಗಿ ಜೋಡಿಸಿದಳು. ಕೊನೆಗೆ, "ಬಾ ಅಂತ ಕರೆದದ್ದು ತಪ್ಪಲ್ಲ. ನಾಲ್ಕು ತಿಂಗಳು ನನ್ನ ಪಕ್ಕದಲ್ಲೇ ಇದ್ದು ಹೇಳಲಿಲ್ಲವಲ್ಲ," ಎಂದು ಎದ್ದು ಹೋದಳು.

ಮರುದಿನ ಶುಕ್ರವಾರ. ಊಟದ ಮೇಜಿನ ಮೇಲೆ ಹಾಳೆ ಹರವಿಕೊಂಡು ಬೆಳಿಗ್ಗೆ ಕೂತವನು ಮಧ್ಯಾಹ್ನದ ನಮಾಜಿನ ಕರೆಯವರೆಗೂ ಬರೆದ. ಗಾಡಿಯ ನೆರಳು, ಮೂರು ಗಂಟೆಯ ಬಿಸಿಲು, ಝುಬೈರ್ ಹಿಡಿದ ಕೈ, ಕುರಿ ಕಾಯುವವನು ತೋಡಿದ ಗುಂಡಿ, ಎಲ್ಲ ಬರೆದ. "ಅವನು ಆ ದಾರಿ ಹಿಡಿದದ್ದು ನನ್ನನ್ನು ನಂಬಿ. ಬಾ ಎಂದು ಬರೆದವನು ನಾನು" ಎಂಬಲ್ಲಿಗೆ ಬಂದಾಗ ಅಂಗೈ ತಾಗಿ ಶಾಯಿ ಕದಡಿತು. ಬೇರೆ ಹಾಳೆಗೆ ಚಂದ ಮಾಡಿ ಬರೆಯೋಣವೆಂದುಕೊಂಡ. ಬೇಡವೆನಿಸಿ ಹಾಗೆಯೇ ಮಡಚಿದ. ಆಸ್ಟಿನ್ ಸತ್ತ ಎಂದು ಅವನಿಗೆ ಸರಿಯಾಗಿ ಅರ್ಥವಾದದ್ದು ಆ ಬೆಳಿಗ್ಗೆ. ಅಲ್ಲಿಯವರೆಗೆ ಹದಿನೈದು ದಿನಕ್ಕೊಮ್ಮೆ ಅವನನ್ನು ಬದುಕಿಸುವ ಕೆಲಸದಲ್ಲಿ ಅದನ್ನು ನಂಬಲು ಪುರುಸೊತ್ತೇ ಆಗಿರಲಿಲ್ಲ.

ಮಗುವಿನ ಜ್ಞಾನಸ್ನಾನ ನಿಶ್ಚಯಿಸಿದ ದಿನವೇ ಆಯಿತೆಂದು ಸ್ಯಾಮ್ಸನ್ ತಿಳಿಸಿದ. ಹಾರ್ಗ್ರೀವ್ಸ್ ಸಾಹೇಬರು ಜನವರಿ ಮೊದಲ ವಾರ ಹೊರಟರು. ಹೋಗುವ ದಿನ ಕೈ ಕುಲುಕಿ, "ಅವಳು ಉತ್ತರ ಬರೆದಳಾ?" ಎಂದು ಕೇಳಿದರು. ಇಲ್ಲವೆಂದು ಕ್ಲೆಮೆಂಟ್ ತಲೆಯಾಡಿಸಿದ. ಹದಿನೇಳಕ್ಕೆ ಯುದ್ಧ ಶುರುವಾಯಿತು. ಜಿದ್ದಾದ ಮೇಲೆ ಕ್ಷಿಪಣಿ ಬೀಳಲಿಲ್ಲ. ಆದರೂ ಜನ ಕಿಟಕಿಯ ಗಾಜಿಗೆ ಟೇಪು ಅಂಟಿಸಿ, ರೇಡಿಯೋ ಮುಂದೆ ಕೂತು ದಿನ ಕಳೆದರು. ಟಪಾಲು ತಡವಾಯಿತು. ಯುದ್ಧ ಮುಗಿದು ಒಂದು ತಿಂಗಳ ನಂತರ, ಈಸ್ಟರ್ ಕಳೆದ ಮೇಲೆ, ಹ್ಯಾಝೆಲಳ ಕಾಗದ ಬಂತು. ಟಪಾಲು ಪೆಟ್ಟಿಗೆಯ ಎದುರಿಗೇ ನಿಂತು ಅವನು ಅದನ್ನು ಒಡೆದ. ಒಂದೇ ಪುಟ.

"ನಿಮ್ಮ ಕಾಗದ ಓದಿದೆ. ಅತ್ತೆಗೂ ಹೇಳಿದೆ. ಅವರು ಮೂರು ದಿನ ಊಟ ಮಾಡಲಿಲ್ಲ, ಈಗ ಗಂಜಿ ಕುಡಿಯುತ್ತಾರೆ. ಝುಬೈರ್ ತಮ್ಮ ತಾಯಿಯ ಜೊತೆ ಬಂದಿದ್ದರು. ಜೀನಾಳನ್ನು ಎತ್ತಿಕೊಂಡು ತುಂಬ ಅತ್ತರು.

"ನಿಮ್ಮ ಮೇಲೆ ಸಿಟ್ಟಿಲ್ಲ ಅಂತ ಬರೆಯಲು ಮೂರು ಸಲ ಕೂತೆ. ಮೂರು ಸಲ ಹರಿದು ಹಾಕಿದೆ. ನೀವು ಬಾ ಅಂದದ್ದು ಪ್ರೀತಿಯಿಂದ. ಅವರು ಬಂದದ್ದೂ ಪ್ರೀತಿಯಿಂದ. ಅದು ನನಗೆ ಗೊತ್ತಿದೆ. ಆದರೆ ಯಾರ ಕಡೆ ಹೊರಟು ಅವರು ದಾರಿಯಲ್ಲಿ ಉಳಿದರೋ ಆ ಮುಖವನ್ನು ನೋಡುವ ಶಕ್ತಿ ನನಗೆ ಈಗ ಇಲ್ಲ. ಈ ವರ್ಷ ರಜೆಗೆ ಬಂದಾಗ ನಮ್ಮ ಮನೆಗೆ ಬರಬೇಡಿ. ಕಾಗದವನ್ನೂ ಬರೆಯಬೇಡಿ. ವಯೊಲೆಟಕ್ಕ ಬರಲಿ, ಮಗುವನ್ನು ನೋಡಿ ಹೋಗಲಿ. ಮುಂದೆ ಯಾವಾಗಲಾದರೂ ಮನಸ್ಸು ಗಟ್ಟಿಯಾದರೆ ನಾನೇ ಬರೆಯುತ್ತೇನೆ."

ಕ್ಲೆಮೆಂಟ್ ಅದನ್ನು ಎರಡು ಸಲ ಓದಿದ. ಬಿಸಿಲಿನಲ್ಲಿ ನಡೆದು ಮನೆಗೆ ಬಂದ. ವಯೊಲೆಟ್ ಮೀನು ತೊಳೆಯುತ್ತಿದ್ದಳು. "ಎಂತ ಬರೆದಿದ್ದಾಳೆ?" ಎಂದು ಕೇಳಿದಳು.

"ನನಗೆ ಬರಬೇಡಿ ಅಂತ. ನಿನಗೆ ಬಾ ಅಂತ."

ವಯೊಲೆಟ್ ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು ಬಂದು ಅವನ ಪಕ್ಕದಲ್ಲಿ ಕೂತಳು. ಆ ಮೇ ತಿಂಗಳ ರಜೆಗೆ ಅವಳೊಬ್ಬಳೇ ಊರಿಗೆ ಹೋದಳು. ಕ್ಲೆಮೆಂಟ್ ವಿಮಾನ ನಿಲ್ದಾಣದವರೆಗೆ ಬಂದು, ಮಗುವಿಗೆಂದು ತಾನು ಕೊಂಡ ಎರಡು ಹತ್ತಿಯ ಅಂಗಿಗಳನ್ನು ಅವಳ ಚೀಲದಲ್ಲಿಟ್ಟ. ಯಾರು ಕೊಟ್ಟದ್ದೆಂದು ಹ್ಯಾಝೆಲ್ ಕೇಳಿದರೆ ನಿಜವನ್ನೇ ಹೇಳು, ಬೇಡವೆಂದರೆ ವಾಪಸು ತಾ ಎಂದ. ಒಂದು ತಿಂಗಳು ಬಿಟ್ಟು ವಯೊಲೆಟ್ ಮರಳಿದಾಗ ಆ ಅಂಗಿಗಳು ಚೀಲದಲ್ಲಿರಲಿಲ್ಲ. ಹ್ಯಾಝೆಲ್ ಅವನ್ನು ತೆಗೆದುಕೊಂಡಳಂತೆ, ಮಡಚಿ ಪೆಟ್ಟಿಗೆಯಲ್ಲಿಟ್ಟಳಂತೆ, ತಾನಿದ್ದಷ್ಟು ದಿನ ಮಗುವಿಗೆ ತೊಡಿಸಲಿಲ್ಲವಂತೆ. ವಯೊಲೆಟ್ ಹೇಳಿದ್ದನ್ನು ಕೇಳಿಸಿಕೊಂಡು ಕ್ಲೆಮೆಂಟ್, "ಆಯಿತು," ಎಂದ. ಮತ್ತೆ ಮಗು ಯಾರ ಹಾಗಿದೆ ಎಂದು ಕೇಳಿದ.

"ಆಸ್ಟಿನನ ಹಾಗೆಯೇ," ಎಂದಳು ಅವಳು.